ಜೀವಶಾಸ್ತ್ರದ ತತ್ತ್ವವಿಚಾರ: ಬಾಳಿನ ಕಸುಬಾಗಬಲ್ಲುದೆ?

ಹೋದ ಬೇಸಗೆಯಲ್ಲಿ ಒಂದು ಸಂಜೆ ತಂದೆ ಮಗಳು ಇಬ್ಬರು ನಮ್ಮ ಮನೆಗೆ ಬಂದರು. ತಂದೆ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತರು. ಮಗಳು ಪ್ರಾಣಿಶಾಸ್ತ್ರ ಸಸ್ಯಶಾಸ್ತ್ರಗಳನ್ನು ಓದಿ ಬಿ.ಎಸ್‌ಸಿ. ಮುಗಿಸಿದವಳು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ತಂದೆ ವಿಷಯಕ್ಕೆ ಬಂದರು.

“ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಬೇಕು ಸಾರ್. ಎಂ.ಎಸ್‌ಸಿ. ಮಾಡಿ ಎಲ್ಲಾದರೂ ಲೆಕ್ಚರರ್ ಆಗಮ್ಮ ಎಂದರೆ ತತ್ತ್ವಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ. ಅದೂ ಜೀವಶಾಸ್ತ್ರದ ತತ್ತ್ವಶಾಸ್ತ್ರವಂತೆ. ಹಾಗೆಂದರೇನೋ ನನಗೆ ತಿಳಿಯದು. ಅದರಿಂದ ಅನ್ನ ಹುಟ್ಟುತ್ತದೆಯೆ, ಅದನ್ನು ಹೇಳಿ.”

ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವನು. ಇಂಥ ಪ್ರಶ್ನೆಗೆ ಉತ್ತರ ನನ್ನ ನಾಲಗೆಯ ತುದಿಯಲ್ಲಿರಬೇಕಾಗಿತ್ತು. ಆದರೆ ಅಂದು ನಾನು ತಟ್ಟನೆ ಉತ್ತರ ಕೊಡಲಿಲ್ಲ. ಏಕೆಂದರೆ ಹಿಂದೊಮ್ಮೆ ತಟ್ಟನೆ ಕೊಟ್ಟ ಉತ್ತರವೊಂದು ಇಂದಿಗೂ ನನ್ನನ್ನು ಕಾಡುತ್ತಿದೆ.

ಅದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾವೇರಿ ನಿಸರ್ಗಧಾಮಕ್ಕೆ ಹೋಗಿದ್ದೆ. ನದಿಯ ನಡುವಿನ ಆ ನಡುಗಡ್ಡೆಯಲ್ಲಿ ಬಿದಿರು ಮೆಳೆಮೆಳೆಯಾಗಿ ಬೆಳೆದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಒಬ್ಬ ಹುಡುಗ ಒಂದು ಮೆಳೆಯ ಮುಂದೆ ನಿಂತು, “ಸಾರ್, ಇದು ಒಂದು ಗಿಡವೋ, ನೂರು ಗಿಡವೋ?” ಎಂದು ಕೇಳಿದ. “ಪಾಠದಲ್ಲಿ ಇರುವುದನ್ನು ಕೇಳು, ಪರೀಕ್ಷೆಗೆ ಬರುವುದನ್ನು ಓದು,” ಎಂದೆ. ಉಳಿದವರು ನಕ್ಕರು. ಅವನು ಮತ್ತೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಈಗ ಒಂದು ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಸಿಕ್ಕಿದಾಗಲೆಲ್ಲ ಪ್ರೀತಿಯಿಂದಲೇ ಮಾತನಾಡಿಸುತ್ತಾನೆ, ಮಾತಿನ ಕೊನೆಗೆ, “ಸಾರ್, ಆ ಬಿದಿರಿನ ಲೆಕ್ಕ ಆಯಿತೆ?” ಎನ್ನುತ್ತಾನೆ.

ಆ ಲೆಕ್ಕ ಅಷ್ಟು ಸುಲಭವಲ್ಲ. ಹೊರಗಿನಿಂದ ನೋಡಿದರೆ ಗಳುಗಳು ಬೇರೆ ಬೇರೆಯಾಗಿ ನಿಂತಿವೆ. ಒಂದನ್ನು ಕಡಿದರೆ ಉಳಿದವು ಸಾಯುವುದಿಲ್ಲ. ಮಳೆಗಾಲದಲ್ಲಿ ನಾವು ಕಳಲೆಯನ್ನು ಮುರಿದು ಪಲ್ಯ ಮಾಡಿದರೂ ಮೆಳೆಗೆ ಬಾಧೆಯಿಲ್ಲ. ಆದರೆ ಮಣ್ಣು ಅಗೆದು ನೋಡಿದರೆ ಅವೆಲ್ಲ ನೆಲದೊಳಗಿನ ಗೆಡ್ಡೆಯಂಥ ಕಾಂಡದಿಂದ ಒಂದಕ್ಕೊಂದು ಸೇರಿಕೊಂಡಿವೆ. ಹಲವು ದಶಕಗಳಿಗೊಮ್ಮೆ ಹೆಬ್ಬಿದಿರು ಹೂ ಬಿಡುತ್ತದೆ. ಆಗ ಇಡೀ ಮೆಳೆ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿಯನ್ನು ಉದುರಿಸಿ, ಒಟ್ಟಿಗೆ ಒಣಗಿ ಸಾಯುತ್ತದೆ. ಬದುಕುವಾಗ ನೂರಾಗಿದ್ದದ್ದು ಸಾಯುವಾಗ ಒಂದಾಗುತ್ತದೆ. ಹಾಗಾದರೆ ಜೀವಿ ಎಂದು ನಾವು ಎಣಿಸಬೇಕಾದುದು ಯಾವುದನ್ನು?

ಈ ಪ್ರಶ್ನೆಯನ್ನು ಸೂಕ್ಷ್ಮದರ್ಶಕದಿಂದ ಮಾತ್ರ ಬಗೆಹರಿಸುವಂತಿಲ್ಲ. ಕಾಣಬೇಕಾದುದೆಲ್ಲ ಆಗಲೇ ಕಂಡಿದೆ. ಕಂಡುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು, “ಒಂದು” ಎಂಬ ಮಾತನ್ನು ಯಾವ ಅರ್ಥದಲ್ಲಿ ಬಳಸಬೇಕು ಎಂಬುದು ಉಳಿದಿದೆ. ಜೀವಿ ಎಂದರೇನು, ಜಾತಿ ಎಂದರೇನು, ಕಣ್ಣು ಇರುವುದು ನೋಡುವುದಕ್ಕಾಗಿ ಎಂದಾಗ ಆ “ಅದಕ್ಕಾಗಿ” ಎಂಬುದರ ಅರ್ಥವೇನು—ಇಂಥ ಪ್ರಶ್ನೆಗಳನ್ನು ಹಿಡಿದು ಶಿಸ್ತಿನಿಂದ ವಿಚಾರಮಾಡುವುದೇ ಜೀವಶಾಸ್ತ್ರದ ತತ್ತ್ವವಿಚಾರ. ನನ್ನ ವಿದ್ಯಾರ್ಥಿ ಆ ಶಾಸ್ತ್ರದ ಹೆಸರನ್ನು ಕೇಳದೆಯೇ ಅದರ ಬಾಗಿಲನ್ನು ತಟ್ಟಿದ್ದ. ನಾನು ಬಾಗಿಲು ತೆರೆಯಲಿಲ್ಲ.

ನಮ್ಮ ಕೊಡಗಿನವರಿಗೆ ತಿಳಿದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಮಾರ್ಚಿ ಏಪ್ರಿಲ್ ತಿಂಗಳಲ್ಲಿ ಒಂದು ಹದ ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಏಕೆ ಹಾಗಾಗುತ್ತದೆ? ಒಬ್ಬರು ಹೇಳುತ್ತಾರೆ: ಮೊಗ್ಗು ಒಣಹವೆಯಲ್ಲಿ ನಿದ್ದೆಹೋಗಿತ್ತು, ನೀರು ಸಿಕ್ಕಿತು, ಎಚ್ಚತ್ತಿತು. ಈ ಉತ್ತರ ಸರಿ. ಮಳೆ ಬಾರದ ವರ್ಷ ಸ್ಪ್ರಿಂಕ್ಲರಿನಿಂದ ನೀರು ಹಾರಿಸಿ ಹೂ ಬಿಡಿಸುವ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಇನ್ನೊಬ್ಬರು ಬೇರೆ ಉತ್ತರ ಕೊಡುತ್ತಾರೆ: ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಆದುದರಿಂದ ನೆರೆಯ ಗಿಡಗಳೊಡನೆ ಒಂದೇ ಸಮಯದಲ್ಲಿ ಅರಳುವ ಗಿಡಕ್ಕೆ ಸಂತಾನ ಹೆಚ್ಚು, ಒಂಟಿಯಾಗಿ ಅರಳಿದ್ದಕ್ಕೆ ಕಡಮೆ. ಸಾವಿರಾರು ತಲೆಮಾರುಗಳಲ್ಲಿ ಒಟ್ಟಿಗೆ ಅರಳುವ ಗುಣವೇ ಉಳಿದುಬಂದಿರಬೇಕು. ಮೊದಲನೆಯದು ಹತ್ತಿರದ ಕಾರಣ, ಎರಡನೆಯದು ದೂರದ ಕಾರಣ. ಎರಡೂ ಒಂದೇ “ಏಕೆ”ಗೆ ಉತ್ತರವಾದರೂ ಒಂದು ಇನ್ನೊಂದನ್ನು ಸುಳ್ಳುಮಾಡುವುದಿಲ್ಲ. ಈ ಭೇದವನ್ನು ೧೯೬೧ರಲ್ಲಿ ಪ್ರಸಿದ್ಧವಾದ ಒಂದು ಲೇಖನದಲ್ಲಿ ಬಿಡಿಸಿ ತೋರಿಸಿದವರು ಅರ್ನ್‌ಸ್ಟ್ ಮಯರ್. ಅವರು ಮೊದಲಿಗೆ ತತ್ತ್ವಶಾಸ್ತ್ರಜ್ಞರಲ್ಲ. ಯೌವನದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಹಕ್ಕಿಗಳನ್ನು ಸಂಗ್ರಹಿಸುತ್ತ ಅಲೆದವರು. ಅವರು ಆ ಲೇಖನದಲ್ಲಿ ತೆಗೆದುಕೊಂಡ ಉದಾಹರಣೆಯೂ ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ವಲಸೆಹೋಗುವ ಒಂದು ಪುಟ್ಟ ಹಕ್ಕಿಯೇ.

ಇದನ್ನು ವೃತ್ತಿಯಾಗಿ ಹಿಡಿದವರ ಕಥೆ ಹೇಗಿದೆ ಎಂಬುದನ್ನು ಈಗ ನೋಡೋಣ. ವಿಶ್ವವಿದ್ಯಾನಿಲಯಗಳಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು ಈಚೆಗೆ. ಮೈಕೇಲ್ ರೂಸ್ ಅವರ ಪಠ್ಯ ಹೊರಬಂದದ್ದು ೧೯೭೩ರಲ್ಲಿ, ಡೇವಿಡ್ ಹಲ್ ಅವರದು ೧೯೭೪ರಲ್ಲಿ. ಈ ವಿಷಯಕ್ಕೇ ಮೀಸಲಾದ ಪತ್ರಿಕೆಯೊಂದನ್ನು ರೂಸ್ ಆರಂಭಿಸಿದ್ದು ೧೯೮೬ರಲ್ಲಿ. ಅದಕ್ಕೆ ಹಿಂದೆ ಈ ದಾರಿಯಲ್ಲಿ ನಡೆದವರು ದಾರಿಯನ್ನು ತಾವೇ ಸವೆಸಿಕೊಳ್ಳಬೇಕಾಗಿತ್ತು.

ಅಂಥವರಲ್ಲಿ ಮಾರ್ಜರಿ ಗ್ರೀನ್ ಎಂಬ ಅಮೆರಿಕದ ಮಹಿಳೆಯ ಜೀವನ ನಮ್ಮ ಊರಿನವರ ಮನಸ್ಸಿಗೆ ಹತ್ತಿರವಾಗಬಹುದು. ಅವರು ಹುಟ್ಟಿದ್ದು ೧೯೧೦ರಲ್ಲಿ. ೧೯೩೧ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಜರ್ಮನಿಗೆ ಹೋಗಿ ಹೈಡೆಗರ್, ಯಾಸ್ಪರ್ಸ್ ಮೊದಲಾದವರಲ್ಲಿ ತತ್ತ್ವಶಾಸ್ತ್ರ ಕಲಿತು, ೧೯೩೫ರಲ್ಲಿ ಡಾಕ್ಟರೇಟ್ ಪಡೆದರು. ಷಿಕಾಗೋದಲ್ಲಿ ಕೆಲವು ವರ್ಷ ಪಾಠ ಹೇಳಿದರು. ೧೯೪೪ರಲ್ಲಿ ಆ ಕೆಲಸ ಹೋಯಿತು. ಮುಂದೆ ಸುಮಾರು ಒಂದೂವರೆ ದಶಕ ಅವರಿಗೆ ನೆಲೆಯಾದ ಹುದ್ದೆ ಇರಲಿಲ್ಲ. ಮೊದಲು ಅಮೆರಿಕದಲ್ಲಿ, ಆಮೇಲೆ ಐರ್ಲೆಂಡಿನಲ್ಲಿ, ಗಂಡನೊಡನೆ ಬೇಸಾಯದ ಮನೆಯಲ್ಲಿ ಹೊಲ, ಮಕ್ಕಳು, ಮನೆವಾರ್ತೆ ನೋಡಿಕೊಂಡಿದ್ದರು. ಓದು ಬರಹಗಳನ್ನು ಮಾತ್ರ ಬಿಡಲಿಲ್ಲ. ಮೈಕೇಲ್ ಪೋಲನ್ಯಿ ಎಂಬ ವಿಜ್ಞಾನಿ ತತ್ತ್ವಚಿಂತಕರ ದೊಡ್ಡ ಗ್ರಂಥಕ್ಕೆ ನೆರವಾದದ್ದೂ ಆ ವರ್ಷಗಳಲ್ಲಿಯೇ. ೧೯೬೫ರಲ್ಲಿ, ಐವತ್ತೈದರ ಹತ್ತಿರದಲ್ಲಿ, ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಅವರಿಗೆ ತಕ್ಕ ಹುದ್ದೆ ದೊರೆಯಿತು. ಈ ಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರೆಂದು ಜನ ಅವರನ್ನು ಗುರುತಿಸಿದರು. ಜೀವಶಾಸ್ತ್ರದ ತತ್ತ್ವವಿಚಾರದ ಚರಿತ್ರೆಯನ್ನು ಇನ್ನೊಬ್ಬ ವಿದ್ವಾಂಸರೊಡನೆ ಬರೆದು ೨೦೦೪ರಲ್ಲಿ ಪ್ರಕಟಿಸಿದಾಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ೨೦೦೯ರಲ್ಲಿ ತೀರಿಕೊಂಡರು.

ಇದನ್ನು ಕೇಳಿ ಯಾರೂ ಕಷ್ಟವನ್ನು ಹೊಗಳಬಾರದು. ಹದಿನೈದು ವರ್ಷ ಹುದ್ದೆಯಿಲ್ಲದಿರುವುದು ಸುಖದ ಮಾತಲ್ಲ. ಆದರೆ ನೇರವಾದ ಮೆಟ್ಟಿಲುಗಳಿಲ್ಲದ ಕಡೆಯೂ ಒಬ್ಬರು ಮೇಲೇರಿದ್ದುಂಟು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶಕ್ಕೆ ಬರೋಣ. ೧೯೫೭ರಲ್ಲಿ ಇಂಗ್ಲೆಂಡನ್ನು ಬಿಟ್ಟು ಬಂದು ಇಲ್ಲಿಯೇ ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನರ ಹೆಸರನ್ನು ನೀವು ಕೇಳಿರಬಹುದು. ವಿಕಾಸವಾದಕ್ಕೆ ಗಣಿತದ ಬುನಾದಿ ಹಾಕಿದವರಲ್ಲಿ ಅವರೊಬ್ಬರು. ಅವರು ಆಕ್ಸ್‌ಫರ್ಡಿನಲ್ಲಿ ಓದಿದ್ದು ಗಣಿತ ಮತ್ತು ಗ್ರೀಕ್, ಲ್ಯಾಟಿನ್, ತತ್ತ್ವಶಾಸ್ತ್ರ. ವಿಜ್ಞಾನದಲ್ಲಿ ಅವರಿಗೆ ಪದವಿಯೇ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ದುಬಾರಿ ಯಂತ್ರಗಳಿಲ್ಲದೆ ಕಣ್ಣಿನಿಂದ ನೋಡಿ, ಎಣಿಸಿ ಮಾಡಬಹುದಾದ ಸಂಶೋಧನೆಯನ್ನು ಯುವಕರಿಗೆ ಕಲಿಸಿದರು. ಅವರ ಪ್ರೋತ್ಸಾಹದಿಂದ ಒಬ್ಬರು ತೆಂಗಿನ ಮರದ ಗರಿಗಳು ಎಡಕ್ಕೆ ಸುತ್ತಿಕೊಂಡಿವೆಯೋ ಬಲಕ್ಕೋ ಎಂದು ಎಣಿಸಿದರು. ಕೇಳಿದರೆ ಮಕ್ಕಳಾಟದಂತೆ ತೋರುತ್ತದೆ. ಅದರಿಂದ ಹುಟ್ಟುವ ಪ್ರಶ್ನೆ ಮಕ್ಕಳಾಟವಲ್ಲ: ಎಡವೋ ಬಲವೋ ಎಂಬುದನ್ನು ತಾಯಿಮರ ನಿರ್ಣಯಿಸದಿದ್ದರೆ, ಜೀವದಲ್ಲಿ ಆಕಸ್ಮಿಕಕ್ಕೆ ಎಷ್ಟು ಎಡೆಯಿದೆ?

ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಘವೇಂದ್ರ ಗದಗಕರ್ ಅವರು ಮಾಡಿದ ಕೆಲಸ ಇನ್ನೂ ಹತ್ತಿರದ್ದು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗಲೇ ಕಿಟಕಿಗಳಲ್ಲಿ ಕಟ್ಟಿದ್ದ ಕಣಜದ ಹುಳುಗಳ ಗೂಡುಗಳು ಅವರ ಕಣ್ಣಿಗೆ ಬಿದ್ದವು. ಡಾಕ್ಟರೇಟಿಗೆ ಮಾಡಿದ್ದು ಅಣುಜೀವಶಾಸ್ತ್ರ. ಹುಳುಗಳನ್ನು ನೋಡುವುದು ಬಿಡುವಿನ ಹವ್ಯಾಸ. ಕೊನೆಗೆ ಹವ್ಯಾಸವೇ ಬಾಳಿನ ಕೆಲಸವಾಯಿತು. ಆ ಹುಳುವಿಗೆ ಶಾಸ್ತ್ರೀಯವಾಗಿ ರೋಪಲಿಡಿಯ ಮಾರ್ಜಿನೇಟ ಎಂದು ಹೆಸರು. ನಮ್ಮ ಸೂರಿನಡಿಯಲ್ಲಿಯೂ ಕಾಗದದಂಥ ಗೂಡು ಕಟ್ಟುತ್ತದೆ. ಗದಗಕರ್ ಮತ್ತು ಅವರ ಶಿಷ್ಯರು ಒಂದೊಂದು ಹುಳುವಿನ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು ಗುರುತುಮಾಡಿ, ಯಾವುದು ಏನು ಮಾಡುತ್ತದೆಂದು ಗಂಟೆಗಟ್ಟಲೆ ಬರೆದುಕೊಂಡರು.

ಅಲ್ಲಿ ಕಂಡದ್ದೇನು? ಒಂದು ಗೂಡಿನಲ್ಲಿ ಮೊಟ್ಟೆಯಿಡುವುದು ಒಂದೇ ಹುಳು. ಉಳಿದ ಹೆಣ್ಣುಗಳು ದುಡಿಯುತ್ತವೆ. ಆದರೆ ಹೊಸದಾಗಿ ಹೊರಬಂದ ಹೆಣ್ಣುಗಳನ್ನು ಒಂಟಿಯಾಗಿಟ್ಟು ಆಹಾರ ಕೊಟ್ಟರೆ, ಸುಮಾರು ಅರ್ಧದಷ್ಟು ತಾವೇ ಗೂಡು ಕಟ್ಟಿ ಮೊಟ್ಟೆಯಿಡುತ್ತವೆ. ಎಂದರೆ ಅವಕ್ಕೆ ಶಕ್ತಿ ಇಲ್ಲವೆಂದಲ್ಲ. ತಾನು ತಾಯಾಗಬಲ್ಲ ಹುಳು ಇನ್ನೊಂದರ ಮಕ್ಕಳನ್ನು ಸಾಕುವುದೇಕೆ? ಬಂಧುಗಳಿಗೆ ಮಾಡಿದ ಉಪಕಾರ ತನ್ನದೇ ವಂಶಗುಣಗಳನ್ನು ಮುಂದಕ್ಕೆ ಸಾಗಿಸುತ್ತದೆಂದು ಇಂಗ್ಲೆಂಡಿನ ಹ್ಯಾಮಿಲ್ಟನ್ ೧೯೬೪ರಲ್ಲಿ ಲೆಕ್ಕಹಾಕಿ ತೋರಿಸಿದ್ದರು. ಆ ಲೆಕ್ಕವನ್ನು ಗದಗಕರ್ ಈ ಬಡ ಹುಳುವಿನ ಗೂಡಿನಲ್ಲಿ ಪರೀಕ್ಷಿಸಿ ನೋಡಿದರು. ಬಂಧುತ್ವವೊಂದೇ ಸಾಲದು, ಒಂಟಿ ಬಾಳಿನ ಅಪಾಯಗಳೂ ಲೆಕ್ಕಕ್ಕೆ ಬರುತ್ತವೆಂದು ಕಂಡಿತು. ಇನ್ನೊಂದು ಸ್ವಾರಸ್ಯ: ಈ ಹುಳುವಿನ “ರಾಣಿ” ಗದ್ದುಗೆಯ ಮೇಲೆ ಕುಳಿತು ಆಳುವುದಿಲ್ಲ. ಅದು ಗೂಡಿನಲ್ಲಿ ಸಾಧುವಾಗಿಯೇ ಇರುತ್ತದೆ. ಅದನ್ನು ತೆಗೆದುಬಿಟ್ಟರೆ ಮಾತ್ರ, ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯೊಂದು ಉಗ್ರವಾಗಿ ಉಳಿದವುಗಳ ಮೇಲೆ ಬೀಳುತ್ತದೆ. ವಾರದ ಹೊತ್ತಿಗೆ ಅದೇ ಹೊಸ ರಾಣಿ. ಹಾಗಾದರೆ ರಾಣಿ, ಕೆಲಸಗಾರ್ತಿ, ತ್ಯಾಗ, ಸ್ವಾರ್ಥ ಎಂದು ಮನುಷ್ಯರ ಸಂಸಾರದಿಂದ ಎರವಲು ತಂದ ಈ ಮಾತುಗಳು ಹುಳುವಿನ ವಿಷಯದಲ್ಲಿ ಎಷ್ಟು ನಿಜ, ಎಷ್ಟು ದಾರಿತಪ್ಪಿಸುತ್ತವೆ? ಇಲ್ಲಿ ಹುಳುವನ್ನು ನೋಡುವವನೂ ಮಾತನ್ನು ಶೋಧಿಸುವವನೂ ಒಬ್ಬನೇ ಆಗಬೇಕಾಗುತ್ತದೆ. ೨೦೦೪ರಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ತತ್ತ್ವಶಾಸ್ತ್ರ, ಚರಿತ್ರೆ, ಸಾಹಿತ್ಯಗಳ ವಿದ್ವಾಂಸರನ್ನು ಕರೆಸಿ ವಿಜ್ಞಾನಿಗಳೊಡನೆ ಕೂರಿಸುವುದಕ್ಕಾಗಿ ಗದಗಕರ್ ಒಂದು ಕೇಂದ್ರವನ್ನೇ ಆರಂಭಿಸಿದರೆಂಬುದು ಆಶ್ಚರ್ಯವಲ್ಲ.

ಅದೇ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯನವರು ಭೌತಶಾಸ್ತ್ರದಿಂದ ಬಂದು ಅಮೀಬಗಳನ್ನು ಹಿಡಿದರು. ಮಣ್ಣಿನಲ್ಲಿರುವ ಒಂದು ಬಗೆಯ ಅಮೀಬಗಳು ಆಹಾರ ತೀರಿದಾಗ ಸಾವಿರಗಟ್ಟಲೆ ಒಟ್ಟುಗೂಡಿ ಒಂದೇ ದೇಹದಂತಾಗುತ್ತವೆ. ಸುಮಾರು ಐದರಲ್ಲೊಂದು ಪಾಲು ಸತ್ತು ಕಾಂಡವಾಗುತ್ತದೆ. ಉಳಿದವು ಅದರ ತಲೆಯ ಮೇಲೆ ಬೀಜಕಗಳಾಗಿ ಉಳಿಯುತ್ತವೆ. ಒಂದೋ ನೂರೋ ಎಂಬ ಬಿದಿರಿನ ಪ್ರಶ್ನೆಯೇ ಇಲ್ಲಿ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಮತ್ತೆ ಎದುರಾಗುತ್ತದೆ. ಭೌತಶಾಸ್ತ್ರದಿಂದಲೇ ತತ್ತ್ವಶಾಸ್ತ್ರಕ್ಕೆ ಬಂದ ಸುಂದರ ಸಾರುಕ್ಕೈ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು, ಆಮೇಲೆ ಮಣಿಪಾಲದಲ್ಲಿ ತತ್ತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರದ ಮೊದಲ ನಿರ್ದೇಶಕರಾದರು. ಇವರಲ್ಲಿ ಯಾರೂ ಸಿದ್ಧವಾದ ಹೆದ್ದಾರಿಯಲ್ಲಿ ಬಂದವರಲ್ಲ.

ಇಷ್ಟು ದೂರ ಹೋಗಿಬಂದ ಮೇಲೆ ನಮ್ಮ ಮನೆಯ ಬಾಗಿಲಿಗೇ ಬರುತ್ತೇನೆ. ಕುಶಾಲನಗರದ ಸೇತುವೆಯನ್ನು ದಾಟಿದರೆ ಮೈಸೂರು ಜಿಲ್ಲೆ. ಕೆಲವೇ ಮೈಲಿಗಳಲ್ಲಿ ಬೈಲುಕುಪ್ಪೆ. ೧೯೬೦ರ ದಶಕದ ಮೊದಲಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ನೆಲದಲ್ಲಿ ಟಿಬೆಟಿನ ನಿರಾಶ್ರಿತರು ಅಲ್ಲಿ ನೆಲೆಸಿದರು. ನೆಂಟರು ಬಂದಾಗ ನಾವು ಅವರನ್ನು ಚಿನ್ನದ ಬಣ್ಣದ ಬುದ್ಧನನ್ನು ತೋರಿಸಲು ಕರೆದುಕೊಂಡು ಹೋಗುತ್ತೇವೆ. ಬಿಸಿ ಬಿಸಿ ಮೊಮೊ ತಿಂದು ಹಿಂದಿರುಗುತ್ತೇವೆ. ಅದೇ ಬೈಲುಕುಪ್ಪೆಯಲ್ಲಿ ಸೆರ ಎಂಬ ಮಹಾವಿಹಾರವಿದೆ. ಮೂಲ ಸೆರ ಲ್ಹಾಸಾ ನಗರದ ಬಳಿ ೧೪೧೯ರಲ್ಲಿ ಸ್ಥಾಪಿತವಾದದ್ದು. ಅದನ್ನು ಹೊಸದಾಗಿ ಕಟ್ಟಿಕೊಂಡದ್ದು ಇಲ್ಲಿ. ಅಲ್ಲಿ ಗೆಶೆ ಎಂಬ ಉನ್ನತ ಪದವಿ ಪಡೆಯಲು ಸುಮಾರು ಇಪ್ಪತ್ತು ವರ್ಷ ಓದಬೇಕು. ಓದಿನ ಮುಖ್ಯ ಭಾಗ ವಾದ. ಅಂಗಳದಲ್ಲಿ ಒಬ್ಬ ಕುಳಿತಿರುತ್ತಾನೆ. ಇನ್ನೊಬ್ಬ ನಿಂತು, ಕಾಲನ್ನು ನೆಲಕ್ಕಪ್ಪಳಿಸಿ, ಕೈಯನ್ನು ಚಟ್ಟೆಂದು ತಟ್ಟಿ ಪ್ರಶ್ನೆ ಹಾಕುತ್ತಾನೆ. ಕುಳಿತವನು ಹಿಂದೆ ಹೇಳಿದ್ದಕ್ಕೆ ವಿರೋಧವಿಲ್ಲದಂತೆ ಉತ್ತರ ಕೊಡಬೇಕು.

ದಲಾಯಿ ಲಾಮಾ ಅವರ ಅಪೇಕ್ಷೆಯಂತೆ ಅಮೆರಿಕದ ಎಮರಿ ವಿಶ್ವವಿದ್ಯಾನಿಲಯವು ಸನ್ಯಾಸಿಗಳಿಗೆ ವಿಜ್ಞಾನ ಕಲಿಸುವ ಯೋಜನೆಯೊಂದನ್ನು ಮೊದಲು ಧರ್ಮಶಾಲೆಯಲ್ಲಿ ನಡೆಸಿ ನೋಡಿತು. ೨೦೧೪ರಿಂದ ಬೈಲುಕುಪ್ಪೆಯ ಸೆರದಲ್ಲಿಯೂ, ಮುಂಡಗೋಡಿನ ಡ್ರೆಪುಂಗ್, ಗಾಂಡೆನ್ ವಿಹಾರಗಳಲ್ಲಿಯೂ ಅದು ಪಾಠಕ್ರಮದೊಳಗೆ ಸೇರಿತು. ಭೌತಶಾಸ್ತ್ರ, ಜೀವಶಾಸ್ತ್ರ, ಮಿದುಳಿನ ಶಾಸ್ತ್ರ, ಇವುಗಳೊಡನೆ ವಿಜ್ಞಾನದ ತತ್ತ್ವಶಾಸ್ತ್ರವೂ ಅಲ್ಲಿ ಪಾಠ. ಪಠ್ಯಗಳು ಟಿಬೆಟನ್ ಮತ್ತು ಇಂಗ್ಲಿಷ್ ಎರಡು ಭಾಷೆಗಳಲ್ಲಿ ಸಿದ್ಧವಾದವು. ಸನ್ಯಾಸಿಗಳನ್ನು ಹಿಡಿದು ನಿಲ್ಲಿಸಿದ ಪ್ರಶ್ನೆಗಳಲ್ಲೊಂದು ಬ್ಯಾಕ್ಟೀರಿಯಕ್ಕೆ ಸಂಬಂಧಿಸಿದ್ದು. ಬೌದ್ಧರ ವಿಂಗಡಣೆಯಲ್ಲಿ ಪ್ರಾಣಿಗಳಿಗೆ ಚಿತ್ತವುಂಟು, ಸುಖದುಃಖಗಳುಂಟು, ಗಿಡಮರಗಳಿಗೆ ಇಲ್ಲ. ಬ್ಯಾಕ್ಟೀರಿಯವೋ ಸಕ್ಕರೆಯ ಕಡೆಗೆ ಈಜುತ್ತದೆ, ವಿಷದಿಂದ ದೂರ ಸರಿಯುತ್ತದೆ. ಹಾಗಾದರೆ ಅದಕ್ಕೆ ಚಿತ್ತವುಂಟೆ? ಇದ್ದರೆ ಔಷಧ ನುಂಗುವುದು ಪ್ರಾಣಿಹಿಂಸೆಯೆ? ಇಲ್ಲವಾದರೆ, ಬಯಸಿ ಚಲಿಸುವುದಕ್ಕೂ ಬರಿದೆ ಚಲಿಸುವುದಕ್ಕೂ ಗೆರೆ ಎಲ್ಲಿ? ಅಲ್ಲಿ ಪಾಠ ಹೇಳಿದ ಆರಿ ಐಸೆನ್ ಎಂಬ ಜೀವಶಾಸ್ತ್ರದ ಪ್ರಾಧ್ಯಾಪಕರು ಒಬ್ಬ ಗೆಶೆಯೊಡನೆ ಸೇರಿ ೨೦೧೭ರಲ್ಲಿ ಪುಸ್ತಕವನ್ನೇ ಬರೆದರು. ಕಲಿಸಲು ಬಂದವರು ಕಲಿತೂ ಹೋದರು.

ನಾನು ಎಷ್ಟೋ ವರ್ಷ ಅದೇ ಬೈಲುಕುಪ್ಪೆಯ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೇನೆ. ನನ್ನ ವಿದ್ಯಾರ್ಥಿಯನ್ನು ನಾನು ಗದರಿಸಿದಂಥ ಪ್ರಶ್ನೆಯನ್ನೇ ಕೆಲವು ಮೈಲಿ ಆಚೆ ಕೈತಟ್ಟಿ ಕೇಳುವುದು ವಿದ್ಯೆಯೆನಿಸಿಕೊಂಡಿತ್ತು. ಅಲ್ಲಿನ ಸಿದ್ಧಾಂತಗಳನ್ನು ನಾವು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯನ್ನು ಗೌರವಿಸುವುದನ್ನು ಕಲಿಯಬಹುದಾಗಿತ್ತು.

ಇನ್ನು ಆ ತಂದೆಯ ಪ್ರಶ್ನೆ. ಅನ್ನ ಹುಟ್ಟುತ್ತದೆಯೆ? ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಹೆಸರಿನ ಹುದ್ದೆಗೆ ಪತ್ರಿಕೆಯಲ್ಲಿ ಜಾಹೀರಾತು ಬಂದುದನ್ನು ನಾನು ಕಂಡಿಲ್ಲ. ಅದನ್ನೇ ನಂಬಿ ಕುಳಿತರೆ ಕಷ್ಟ. ಆದರೆ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನೆಟ್ ಪರೀಕ್ಷೆಯಿದೆ. ಅದರಲ್ಲಿ ಮೇಲಿನ ಸ್ಥಾನ ಪಡೆದರೆ ಸಂಶೋಧನೆಗೆ ವೇತನ ದೊರೆಯುತ್ತದೆ. ಐಐಟಿಗಳ ಮಾನವಿಕ ವಿಭಾಗಗಳಲ್ಲಿ ತತ್ತ್ವಶಾಸ್ತ್ರದ ಸಂಶೋಧನೆಗೆ ಅವಕಾಶವುಂಟು. ದಾರಿ ಕಿರಿದು, ಇಲ್ಲವೇ ಇಲ್ಲವೆಂದಲ್ಲ.

ಮಗಳಿಗೆ ಮೂರು ಮಾತು ಹೇಳಿದೆ. ಮೊದಲನೆಯದು: ಯಾವುದಾದರೊಂದು ಜೀವಿಯನ್ನು ಚೆನ್ನಾಗಿ ಬಲ್ಲವಳಾಗು. ಮಯರ್‌ಗೆ ಹಕ್ಕಿ, ಗದಗಕರ್‌ಗೆ ಕಣಜ, ನಂಜುಂಡಯ್ಯನವರಿಗೆ ಅಮೀಬ. ಬರಿಯ ಪುಸ್ತಕದಿಂದ ಜೀವದ ವಿಷಯ ವಾದಿಸುವವರ ಮಾತು ಬೇಗ ಒಣಗುತ್ತದೆ. ಎರಡನೆಯದು: ವಾದಿಸುವುದನ್ನು ಕಲಿ, ನಿನ್ನ ಮಾತಿಗೆ ವಿರೋಧ ಬಂದಾಗ ಕೋಪಿಸಿಕೊಳ್ಳದೆ ಮತ್ತೆ ಯೋಚಿಸು. ಮೂರನೆಯದು: ತಿಳಿದದ್ದನ್ನು ಕನ್ನಡದಲ್ಲಿ ಬರೆ. ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗುನಗುತ್ತ ಬರೆದ ‘ಹಸುರು ಹೊನ್ನು’ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ನಿಮ್ಮ ತಂದೆಗೆ ಅರ್ಥವಾಗುವಂತೆ ನಿನ್ನ ಶಾಸ್ತ್ರವನ್ನು ಹೇಳಬಲ್ಲೆಯಾದರೆ ಅದು ನಿನಗೂ ಅರ್ಥವಾಗಿದೆಯೆಂದು ತಿಳಿ.

ಒಂದು ಷರತ್ತನ್ನೂ ಹಾಕಿದೆ. ಆರು ತಿಂಗಳು ದಿನವೂ ಒಂದು ಜೀವಿಯನ್ನು ನೋಡಿ ಬರೆದಿಡು. ಅನಂತರವೂ ಆಸೆ ಉಳಿದಿದ್ದರೆ ಮಾತನಾಡೋಣ ಎಂದೆ.

ಆರು ತಿಂಗಳಾದ ಮೇಲೆ ಇಬ್ಬರೂ ಮತ್ತೆ ಬಂದರು. ಹುಡುಗಿಯ ಕೈಯಲ್ಲಿ ಎರಡು ನೋಟುಪುಸ್ತಕ. ಅವರ ಮನೆಯ ಹಿತ್ತಲ ಬಾಗಿಲಿನ ಮೇಲೆ ಕಣಜದ ಗೂಡೊಂದಿತ್ತಂತೆ. “ಸೀಮೆಎಣ್ಣೆ ಹಾಕಿ ಸುಡಬೇಕೆಂದಿದ್ದೆ ಸಾರ್, ಇವಳು ಬಿಡಲಿಲ್ಲ,” ಎಂದರು ತಂದೆ. ಸ್ವಲ್ಪ ತಡೆದು, “ಹೋದ ವಾರ ಎರಡು ಹುಳು ವಾಪಸು ಬರಲಿಲ್ಲ,” ಎಂದರು. ಅವರೂ ಎಣಿಸತೊಡಗಿದ್ದರು.

ಮೊದಲು ಎಂ.ಎಸ್‌ಸಿ., ಆಮೇಲೆ ತತ್ತ್ವಶಾಸ್ತ್ರವೆಂದು ಮನೆಯಲ್ಲಿ ಒಪ್ಪಂದವಾಗಿದೆ. ಆ ಹುಡುಗಿಗೆ ಮುಂದೆ ಯಾವ ಹುದ್ದೆ ದೊರೆಯುತ್ತದೆಂದು ನಾನು ಭರವಸೆ ಕೊಡಲಾರೆ. ಕೇಳಿದ ಪ್ರಶ್ನೆಗೆ ಗದರಿಕೆ ದೊರೆಯಲಿಲ್ಲ, ಅಷ್ಟು ಮಟ್ಟಿಗೆ ನನಗೆ ಸಮಾಧಾನ. ಬ್ಯಾಂಕಿನ ಆ ಹಳೆಯ ಶಿಷ್ಯ ಮುಂದಿನ ಸಲ ಊರಿಗೆ ಬಂದಾಗ ಅವನನ್ನು ಕರೆದುಕೊಂಡು ನಿಸರ್ಗಧಾಮಕ್ಕೆ ಹೋಗಬೇಕೆಂದಿದ್ದೇನೆ. ಲೆಕ್ಕ ಇನ್ನೂ ಆಗಿಲ್ಲ; ಈ ಬಾರಿ ಇಬ್ಬರೂ ಸೇರಿ ಮಾಡೋಣವೆಂದು ಅವನಿಗೆ ಹೇಳುತ್ತೇನೆ.